ಅಪ್ಪ ಬದುಕಿದರು, ಮಗನ ನಿದ್ದೆ ಹೋಯಿತು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಆ ಮಗನಿಗೆ 34 ವರ್ಷ. ಊರು ಹಾಸನ ಜಿಲ್ಲೆಯ ಒಂದು ಹಳ್ಳಿ. ಬೆಂಗಳೂರಿನ ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಆಮೇಲೆ ನಿದ್ದೆ ಬರುವುದಿಲ್ಲ ಎಂದು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದಿದ್ದರು.

"ಮೇಡಂ, ಎಲ್ಲ ಒಳ್ಳೇದೇ ಆಗಿದೆ. ಆದ್ರೂ ನಾನು ಸರಿ ಇಲ್ಲ" ಎಂದರು.

ನಾಲ್ಕು ತಿಂಗಳ ಹಿಂದೆ ಊರಿನಲ್ಲಿದ್ದ ಅವರ ಅಪ್ಪನಿಗೆ ರಾತ್ರಿ ಎರಡರ ಹೊತ್ತಿಗೆ ಎದೆನೋವು ಬಂತು. ಮೈಯೆಲ್ಲ ಬೆವರು. ಅಮ್ಮ ಮಗನಿಗೆ ಮೇಲಿಂದ ಮೇಲೆ ಫೋನ್ ಮಾಡಿದರು. ಫೋನ್ ಸೈಲೆಂಟ್‌ನಲ್ಲಿತ್ತು. ಅವರು ಜಗಲಿಗೆ ಬಂದು ಕೂಗಿದಾಗ ಎದ್ದು ಓಡಿಬಂದವನು ಪಕ್ಕದ ಮನೆಯ ಹುಡುಗ. ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸುವವನು. ಅಂದು ಸಂಜೆಯೇ ಹೊರಡಬೇಕಿತ್ತು, ಮಳೆ ಜೋರಾಯಿತೆಂದು ಬೆಳಿಗ್ಗೆ ಹೋದರಾಯಿತು ಅಂತ ಉಳಿದಿದ್ದ. ಕಾರು ಮನೆ ಮುಂದೆಯೇ ನಿಂತಿತ್ತು.

ತಾಲ್ಲೂಕು ಆಸ್ಪತ್ರೆಯಲ್ಲಿ ತಕ್ಷಣ ಇಸಿಜಿ ಮಾಡಿದರು. ಹೃದಯಾಘಾತ ಎಂದು ಖಚಿತವಾಯಿತು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಟ್ಟು ಮೈಸೂರಿಗೆ ಕಳಿಸಿದರು. ಅಲ್ಲಿ ಸ್ಟೆಂಟ್ ಹಾಕಿದರು. ಆ ದಿನಗಳಲ್ಲಿ ಒಬ್ಬ ಗೆಳೆಯ ಏನೂ ಕೇಳದೆ ಒಂದೂವರೆ ಲಕ್ಷ ಖಾತೆಗೆ ಹಾಕಿದ. ಇನ್ನೊಬ್ಬ ರಜೆ ಹಾಕಿ ಬಂದು ಆಸ್ಪತ್ರೆಯ ವರಾಂಡದಲ್ಲಿ ಮಲಗಿದ. ಅಕ್ಕ ಚಿಕ್ಕ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದರು. ಅಪ್ಪ ಈಗ ತೋಟದವರೆಗೆ ನಡೆದು ಹೋಗಿ ಬರುತ್ತಾರೆ.

ಇಷ್ಟಾದ ಮೇಲೆ ಮಗನನ್ನು ಕಾಡುತ್ತಿದ್ದದ್ದು ಎರಡು ಸಂಗತಿ. ಮೊದಲನೆಯದು, "ಅವತ್ತು ಮಳೆ ಬರದೇ ಇದ್ದಿದ್ರೆ?" ಈ ಯೋಚನೆ ದಿನಾ ಎರಡು ಗಂಟೆಗೆ ಎಬ್ಬಿಸುತ್ತಿತ್ತು. ಎದ್ದವರೇ ಫೋನ್ ನೋಡುತ್ತಿದ್ದರು. ಎರಡನೆಯದು, ಉಪಕಾರ ಮಾಡಿದವರನ್ನೇ ಅವರು ದೂರ ಮಾಡುತ್ತಿದ್ದರು. ಸಾಲ ಕೊಟ್ಟ ಗೆಳೆಯನ ಕರೆ ಎತ್ತುತ್ತಿರಲಿಲ್ಲ. ಟ್ಯಾಕ್ಸಿ ಹುಡುಗನಿಗೆ ಇಪ್ಪತ್ತು ಸಾವಿರದ ಮೊಬೈಲ್ ಕೊಂಡುಹೋಗಿ ಕೊಟ್ಟಿದ್ದರು. ಅವನು ತೆಗೆದುಕೊಳ್ಳಲಿಲ್ಲ. "ಅಣ್ಣ, ನಾನೇನು ಬಾಡಿಗೆಗೆ ಬಂದಿದ್ನಾ?" ಎಂದು ಕೇಳಿದನಂತೆ. ಇದನ್ನು ಹೇಳುವಾಗ ಅವರ ಕಣ್ಣು ತುಂಬಿತು.

ಇಂಥ ಸ್ಥಿತಿ ಅಪರೂಪವಲ್ಲ. ಕಷ್ಟದ ಹೊತ್ತು ಕಳೆದ ಮೇಲೆ ಜನ ಖುಷಿಯಾಗಿರಬೇಕು ಎಂದು ಸುತ್ತಲಿನವರು ಅಂದುಕೊಳ್ಳುತ್ತಾರೆ. "ದೇವರು ದೊಡ್ಡವನು, ಬದುಕಿಸಿದ, ಇನ್ನೇನು ಚಿಂತೆ?" ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವ ಮಾತು. ಆದರೆ ಹೆದರಿದವನ ಬಾಯಿ ಅಲ್ಲಿಗೇ ಕಟ್ಟಿಹೋಗುತ್ತದೆ. ಅವರಿಗೆ ನಾನು ಮೊದಲು ಹೇಳಿದ್ದು ಇದನ್ನೇ. ನೀವು ಕೃತಜ್ಞರೂ ಹೌದು, ಹೆದರಿದವರೂ ಹೌದು. ಎರಡೂ ಒಟ್ಟಿಗೆ ಇರಬಹುದು, ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಬೇಕಾಗಿಲ್ಲ.

ಆಮೇಲೆ ಆ ರಾತ್ರಿಯನ್ನು ಗಂಟೆ ಗಂಟೆಯಾಗಿ ಕಾಗದದ ಮೇಲೆ ಬರೆಸಿದೆ. ಯಾರು ಎಲ್ಲಿದ್ದರು, ಏನು ಮಾಡಿದರು. ಬರೆಯುತ್ತಾ ಹೋದಂತೆ ಅವರಿಗೇ ಗೊತ್ತಿಲ್ಲದ ವಿಷಯಗಳು ಬಂದವು. ಮನೆಗೆ ಫೋನ್ ಮಾಡಿ ಅಮ್ಮನನ್ನು ಕೇಳಿದರು. ಅಮ್ಮನ ಕೂಗಿಗೆ ಇನ್ನೂ ಮೂರು ಮನೆಯವರು ಎದ್ದಿದ್ದರು. ಹಾಲಿನ ಡೇರಿ ಕಾರ್ಯದರ್ಶಿ ತಮ್ಮ ಜೀಪಿನ ಬೀಗದ ಕೈ ಹಿಡಿದು ಬರುತ್ತಿದ್ದರು. ಒಬ್ಬ ಕಾಲೇಜು ಹುಡುಗಿ ಆಗಲೇ 108ಕ್ಕೆ ಕರೆ ಮಾಡಿದ್ದಳು. ಅಂದರೆ ಅಪ್ಪನ ಜೀವ ಒಂದು ಮಳೆಯ ಮೇಲೆ ನಿಂತಿರಲಿಲ್ಲ. ಬೇರೆ ದಾರಿಯಲ್ಲಾದರೆ ಸ್ವಲ್ಪ ತಡವಾಗುತ್ತಿತ್ತೇನೋ, ಅದನ್ನು ಅಲ್ಲಗಳೆಯಲಾಗದು. ಆದರೆ ದಾರಿ ಒಂದೇ ಇರಲಿಲ್ಲ.

ತಾಲ್ಲೂಕು ಆಸ್ಪತ್ರೆಯ ಇಂಜೆಕ್ಷನ್ ಕೂಡ "ನಮ್ಮ ಅದೃಷ್ಟ" ಎಂದಿದ್ದರು. ಅದು ಬರೀ ಅದೃಷ್ಟ ಅಲ್ಲ. 2023ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಗಳ ಹೃದ್ರೋಗ ತಜ್ಞರಿಗೆ ಕಳಿಸಿ, ಅಲ್ಲಿಂದ ಸಲಹೆ ಬಂದ ಕೂಡಲೇ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ಏರ್ಪಾಡಿದೆ. ಯಾರೋ ಯೋಚಿಸಿ, ಕಷ್ಟಪಟ್ಟು ಮಾಡಿಟ್ಟ ಕೆಲಸ ಅದು. ಟ್ಯಾಕ್ಸಿ ಹುಡುಗ ಅಂದು ಊರಲ್ಲಿದ್ದದ್ದು ಆಕಸ್ಮಿಕ. ಆದರೆ ಕೂಗು ಕೇಳಿ ಮಗ್ಗುಲು ಬದಲಿಸಿ ಮಲಗದೆ ಎದ್ದು ಬಂದದ್ದು ಆಕಸ್ಮಿಕ ಅಲ್ಲ, ಅಲ್ವಾ? ಆ ಪ್ರಶ್ನೆಗೆ ಅವರು ತುಂಬ ಹೊತ್ತು ಸುಮ್ಮನಿದ್ದರು.

ಇನ್ನು ಹಣದ ಮಾತು. ಸಾಲ ಬೇರೆ, ಉಪಕಾರ ಬೇರೆ. ಎರಡನ್ನೂ ಸೇರಿಸಿಕೊಂಡು ಅವರು ಒದ್ದಾಡುತ್ತಿದ್ದರು. ಸಾಲಕ್ಕೆ ಲೆಕ್ಕ ಹಾಕಿ, ಅದು ನಿಮ್ಮ ಕಸುಬೇ ತಾನೇ ಎಂದೆ. ತಿಂಗಳಿಗೆ ಎಂಟು ಸಾವಿರ ಕೊಡಲು ಸಾಧ್ಯ ಎಂದಾಯಿತು. ಅದನ್ನು ಗೆಳೆಯನಿಗೆ ಬಾಯಿಬಿಟ್ಟು ಹೇಳಬೇಕು. ಉಪಕಾರವನ್ನು ಮಾತ್ರ ಕಂತಿನಲ್ಲಿ ತೀರಿಸಲು ಹೋಗಬಾರದು. ಉಡುಗೊರೆ ಬೇಡ, ಹೋಗಿ ಎದುರು ಕೂತು, ಅವರು ಮಾಡಿದ್ದು ಏನು, ಅದರಿಂದ ನಿಮಗೆ ಏನಾಯಿತು ಅಂತ ಬಿಡಿಸಿ ಹೇಳಿ ಎಂದೆ. "ಥ್ಯಾಂಕ್ಸ್ ಕಣೋ" ಎಂದಷ್ಟೇ ಅಂದರೆ ಸಾಲದು.

ನಮ್ಮಲ್ಲಿ ಇದು ಕಷ್ಟ. ಹತ್ತಿರದವರಿಗೆ ಹೀಗೆಲ್ಲ ಹೇಳಿದರೆ ನಾಟಕ ಅನ್ನಿಸೀತು ಎಂಬ ಸಂಕೋಚ. ಅಮೆರಿಕದ ಮನಃಶಾಸ್ತ್ರಜ್ಞರಾದ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಂಕೋಚದ ಬಗ್ಗೆಯೇ ಇದೆ. ಕೃತಜ್ಞತೆಯ ಪತ್ರ ಬರೆದವರು, ಓದುವವರಿಗೆ ಮುಜುಗರ ಆಗುತ್ತದೆ ಎಂದು ಎಣಿಸಿದ್ದರು. ಓದಿದವರಿಗೆ ಆದದ್ದು ಅವರು ಎಣಿಸಿದ್ದಕ್ಕಿಂತ ಕಡಿಮೆ ಮುಜುಗರ, ಎಣಿಸಿದ್ದಕ್ಕಿಂತ ಜಾಸ್ತಿ ಸಂತೋಷ.

ಅವರು ಮೊದಲು ಹೋದದ್ದು ಟ್ಯಾಕ್ಸಿ ಹುಡುಗನ ಹತ್ತಿರ. ಬೆಂಗಳೂರಿನಲ್ಲೇ ಒಂದು ಟೀ ಅಂಗಡಿ ಮುಂದೆ ನಿಂತು ಮಾತಾಡಿದರಂತೆ. ಮೊಬೈಲ್ ಕೊಡಲು ಬಂದದ್ದಕ್ಕೆ ಬೇಸರವಾಯಿತಾ ಎಂದು ನೇರವಾಗಿ ಕೇಳಿದರು. ಅವನು ಹೇಳಿದ್ದು ಬೇರೆಯೇ. ಆ ದಾರಿಯುದ್ದಕ್ಕೂ ಕೈ ನಡುಗುತ್ತಿತ್ತು, ತಾತ ಕಾರಲ್ಲೇ ಹೋಗಿಬಿಟ್ಟರೆ ಎಂಬ ಭಯ ಈಗಲೂ ಕೆಲವೊಮ್ಮೆ ಬರುತ್ತದೆ ಎಂದ. ಅದನ್ನು ಅವನೂ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಅಕ್ಕನಿಗೆ ಹೇಳುವುದು ಇನ್ನೂ ಕಷ್ಟವಾಯಿತು. "ಮನೆಯವರಿಗೆ ಏನಂತ ಹೇಳೋದು ಮೇಡಂ?" ಎಂದಿದ್ದರು. ಮನೆಯವರು ಮಾಡಿದ್ದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹೆಣ್ಣುಮಕ್ಕಳು ಮಾಡಿದ್ದನ್ನಂತೂ ಇಲ್ಲವೇ ಇಲ್ಲ. ಕೊನೆಗೆ ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಬರೆದರು. ಅಕ್ಕ ಕರೆ ಮಾಡಿ ಅತ್ತರಂತೆ.

ನಿದ್ದೆಗೆ ಬೇರೆ ಸಲಹೆ ಕೊಟ್ಟೆ. ಮನೆಯವರ ನಂಬರುಗಳಿಗೆ ಮಾತ್ರ ಸೈಲೆಂಟ್‌ನಲ್ಲೂ ರಿಂಗ್ ಆಗುವಂತೆ ಫೋನ್ ಸೆಟ್ ಮಾಡಿ, ಹಾಸಿಗೆಯಿಂದ ದೂರ ಇಡುವುದು. ಎಚ್ಚರವಾದರೆ ಸ್ವಲ್ಪ ಹೊತ್ತು ಎದ್ದು ಕೂತು, ನಿದ್ದೆ ಬಂದಾಗಲೇ ಮಲಗುವುದು. ವಾರಕ್ಕೊಮ್ಮೆ, ಆ ವಾರ ಯಾರಿಂದ ಏನು ಒಳ್ಳೆಯದಾಯಿತು ಎಂದು ಬರೆಯುವುದು. ದಿನಾ ಬರೆಯಲೇಬೇಕು ಎಂದು ನಾನು ಯಾರಿಗೂ ಹೇಳುವುದಿಲ್ಲ, ಬೇಗ ಹೋಂವರ್ಕ್ ಆಗಿಬಿಡುತ್ತದೆ. ಆರು ವಾರದಲ್ಲಿ ಕಡಿಮೆಯಾಗದಿದ್ದರೆ ಮನೋವೈದ್ಯರನ್ನು ನೋಡಬೇಕು ಎಂದು ಮೊದಲೇ ಒಪ್ಪಿಸಿದ್ದೆ. ರಾತ್ರಿ ತೀರಾ ಕಷ್ಟವಾದರೆ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಕೊಟ್ಟಿದ್ದೆ. ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಈಗ ವಾರದಲ್ಲಿ ಒಂದೆರಡು ರಾತ್ರಿ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಬರುತ್ತದೆ. ಸಾಲದ ಮೂರು ಕಂತು ಮುಗಿದಿದೆ. ಮುಂದಿನ ಸಲ ಅಮ್ಮನನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ. ಗಂಡನ ಪಕ್ಕ ಒಬ್ಬರೇ ಇದ್ದವರು ಅವರು. ಅವರಿಗೆ ನಿದ್ದೆ ಹೇಗಿದೆ ಎಂದು ಕೇಳಬೇಕು.