ಅಜ್ಜಿಯ ಬದಲು ಮತಗಟ್ಟೆ ಸಿಬ್ಬಂದಿ ಬಟನ್ ಒತ್ತಬಹುದೇ?

ನಿಮ್ಮ ಅಜ್ಜಿಗೆ ಕಣ್ಣು ಮಂಜು. ಬೂತ್‌ನಲ್ಲಿದ್ದ ಸಿಬ್ಬಂದಿಯೊಬ್ಬರು ‘ಯಾರಿಗೆ ಅಂತ ಹೇಳಿ, ನಾನೇ ಒತ್ತಿಕೊಡ್ತೀನಿ’ ಅಂದರು, ಇದು ಸರಿಯಾ ಅಂತ ಕೇಳಿದ್ದೀರಿ.

ಸರಿಯಲ್ಲ. ಒಳ್ಳೆಯ ಮನಸ್ಸಿನಿಂದ ಹೇಳಿದ್ದರೂ ಸರಿಯಲ್ಲ. ನಾನು ಹೈಸ್ಕೂಲ್ ಮೇಷ್ಟ್ರು, ಪಿಆರ್‌ಓ ಆಗಿ, ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಚುನಾವಣೆ ಕೆಲಸ ಮಾಡಿದ್ದೇನೆ. ಸಿಬ್ಬಂದಿ ಯಾರೂ ಮತದಾರರ ಜೊತೆಗಾರರಾಗಿ ಹೋಗುವಂತಿಲ್ಲ.

ಅಜ್ಜಿಯಂಥವರಿಗಾಗಿಯೇ 1961ರ ಚುನಾವಣಾ ನಿಯಮಗಳಲ್ಲಿ 49ಎನ್ ಇದೆ. ಕಣ್ಣು ಕಾಣದೆ ಅಥವಾ ದೇಹದ ತೊಂದರೆಯಿಂದ ಒಬ್ಬರೇ ಮತ ಹಾಕಲು ಆಗುವುದಿಲ್ಲ ಎಂದು ಪಿಆರ್‌ಓಗೆ ಮನವರಿಕೆಯಾದರೆ, 18 ತುಂಬಿದ ಒಬ್ಬರನ್ನು ಜೊತೆಗೆ ಬಿಡಲೇಬೇಕು. ಅದು ನೀವೇ ಆಗಬಹುದು. ಮತದ ಗುಟ್ಟು ಬಿಟ್ಟುಕೊಡುವುದಿಲ್ಲ, ಆ ದಿನ ಬೇರೆ ಯಾರಿಗೂ ಹೀಗೆ ಜೊತೆಗಾರನಾಗಿಲ್ಲ ಎಂದು ಬರೆದುಕೊಡಬೇಕು. ಒಬ್ಬನೇ ಕಾರ್ಯಕರ್ತ ಅಜ್ಜಿಯರನ್ನು ಸಾಲಾಗಿ ಒಳಗೆ ಕರೆದೊಯ್ಯಬಾರದು ಅಂತಲೇ ಈ ಷರತ್ತು.

ಕಣ್ಣು ಕಾಣುತ್ತದೆ, ಆದರೆ ಯಂತ್ರ ಗೊತ್ತಾಗುವುದಿಲ್ಲ ಅನ್ನುವವರಿಗೆ ನಾವು ಸಹಾಯ ಮಾಡಬಹುದು. ಅದಕ್ಕೆ ರಟ್ಟಿನ ಮಾದರಿ ಇರುತ್ತದೆ. ಮೇಜಿನ ಹತ್ತಿರ, ಬೂತ್‌ನಲ್ಲಿ ಕೂತಿರುವ ಅಭ್ಯರ್ಥಿಗಳ ಏಜೆಂಟರ ಕಣ್ಣೆದುರೇ ಅದನ್ನು ತೋರಿಸಿ ಹೇಳಿಕೊಡಬೇಕು. ಮತ ಹಾಕುವ ಮರೆಯ ಒಳಗೆ ಹೋಗಿ ಅಲ್ಲ. ಯಂತ್ರ ಕೆಟ್ಟಿದೆ, ಯಾರೋ ಕೈಯಾಡಿಸುತ್ತಿದ್ದಾರೆ ಎಂಬ ಅನುಮಾನ ಬಂದರೆ ಪಿಆರ್‌ಓ ಒಳಗೆ ಹೋಗಬಹುದು. ಆಗಲೂ ಏಜೆಂಟರು ಬರ್ತೀವಿ ಅಂದರೆ ತಡೆಯುವ ಹಾಗಿಲ್ಲ.

ಬೂತ್‌ನಲ್ಲಿ ಪಿಆರ್‌ಓ ಅಧಿಕಾರ ಸಣ್ಣದೇನಲ್ಲ. ಗಲಾಟೆ ಮಾಡುವವರನ್ನು ಹೊರಗೆ ಕಳಿಸಬಹುದು. ‘ಇವರು ಆ ಮತದಾರರಲ್ಲ’ ಎಂದು ಏಜೆಂಟ್ 2 ರೂಪಾಯಿ ಕಟ್ಟಿ ತಕರಾರು ತೆಗೆದರೆ ವಿಚಾರಿಸಿ ತೀರ್ಮಾನ ಮಾಡುವವರೂ ಅವರೇ. ಆದರೆ ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಸೇರಿಸುವುದು ಅವರ ಕೈಯಲ್ಲಿಲ್ಲ.

ಆ ಮರೆಯ ವಿಷಯದಲ್ಲಿ ಸಡಿಲ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 2019ರ ಲೋಕಸಭೆ ಚುನಾವಣೆಯಲ್ಲಿ ಹರಿಯಾಣದ ಫರೀದಾಬಾದ್‌ನಲ್ಲಿ ಆದದ್ದನ್ನು ನೋಡಿ. ಹೆಂಗಸರು ಮತ ಹಾಕುವಾಗ ಒಬ್ಬ ಏಜೆಂಟ್ ಯಂತ್ರದ ಹತ್ತಿರ ಹೋಗುತ್ತಿದ್ದ ವಿಡಿಯೋ ಹೊರಬಂತು. ಅವನ ಬಂಧನವಾಯಿತು. ತಡೆಯದ ಪಿಆರ್‌ಓ ಅಮಾನತಾದರು. ಮೇ 19ರಂದು ಆ ಬೂತ್‌ನಲ್ಲಿ ಮತ್ತೆ ಮತದಾನ ನಡೆಸಬೇಕಾಯಿತು. ಒಬ್ಬ ಅಜ್ಜಿಯ ಮತ ತಾನೇ ಅಂತ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಅವರು ಯಾರಿಗೆ ಹಾಕ್ತಾರೆ ಅಂತ ಊರಿನ ಒಬ್ಬ ನೌಕರನಿಗೆ ಗೊತ್ತಾದರೂ, ಮುಂದಿನ ಸಲ ಅವರು ಹೆದರದೆ ಹಾಕ್ತಾರಾ?

ಮುಂದಿನ ಚುನಾವಣೆಯಲ್ಲಿ ಒಳಗೆ ಹೋದ ಕೂಡಲೇ ಪಿಆರ್‌ಓ ಹತ್ತಿರ ‘49ಎನ್ ಪ್ರಕಾರ ನಾನು ಅಜ್ಜಿ ಜೊತೆ ಹೋಗಬೇಕು’ ಅನ್ನಿ. ಒಪ್ಪದಿದ್ದರೆ ಹಲವು ಬೂತ್‌ಗಳ ಉಸ್ತುವಾರಿ ನೋಡುವ ಸೆಕ್ಟರ್ ಆಫೀಸರ್‌ಗೆ ಹೇಳಿ, ಇಲ್ಲವೇ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಅಜ್ಜಿಗೆ 85 ದಾಟಿದ್ದರೆ ಇನ್ನೊಂದು ದಾರಿಯೂ ಇದೆ. 2024ರ ಲೋಕಸಭೆ ಚುನಾವಣೆಯಲ್ಲಿ ಅಂಥವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶವಿತ್ತು. ಅದಕ್ಕೆ ಅಧಿಸೂಚನೆ ಹೊರಟ 5 ದಿನದೊಳಗೆ 12ಡಿ ಫಾರಂ ಕೊಡಬೇಕು. ನಿಮ್ಮ ಬಿಎಲ್‌ಓ, ಅಂದರೆ ಬೂತ್ ಮಟ್ಟದ ಅಧಿಕಾರಿ ಹತ್ತಿರ ಈಗಲೇ ಕೇಳಿಟ್ಟುಕೊಳ್ಳಿ.