ಕೂತಲ್ಲೇ ಕೂತಿದ್ದರೂ ವಾಚು ಎತ್ತರ ಬದಲಿಸುವುದೇಕೆ?

ನಿಮ್ಮ ಟ್ರೆಕ್ಕಿಂಗ್ ವಾಚು ಕೆಟ್ಟಿಲ್ಲ. ಅದರ ಆಲ್ಟಿಮೀಟರ್ ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ, ಗಾಳಿಯ ಒತ್ತಡ ನೋಡಿ ಲೆಕ್ಕ ಹಾಕುತ್ತದೆ. ಮೇಲೆ ಹತ್ತಿದಷ್ಟೂ ಒತ್ತಡ ಕಡಿಮೆ. ಆದರೆ ಮಳೆ ಬರುವ ಮುಂಚೆಯೂ ಒತ್ತಡ ಇಳಿಯುತ್ತದಲ್ವಾ? ಒತ್ತಡ ಒಂದು ಹೆಕ್ಟೋಪಾಸ್ಕಲ್ (ಒತ್ತಡ ಅಳೆಯುವ ಮಾನ) ಇಳಿದರೆ ಸುಮಾರು 8-9 ಮೀಟರ್ ಹತ್ತಿದಿರಿ ಅಂತ ವಾಚು ನಂಬಿಬಿಡುತ್ತದೆ. ರಾತ್ರಿಯೆಲ್ಲ ಮಲಗಿದ್ದವರು ಬೆಳಿಗ್ಗೆ 30 ಮೀಟರ್ ಮೇಲೇರಿರುವುದು ಹೀಗೆ!

ಅದಕ್ಕೇ ಎತ್ತರ ಗೊತ್ತಿರುವ ಜಾಗದಲ್ಲಿ ಸರಿಪಡಿಸಿಕೊಳ್ಳಿ. ಪಣಂಬೂರು ಬೀಚಿನಲ್ಲಿ ಸೊನ್ನೆ, ಕುಮಾರ ಪರ್ವತದ ತುದಿಯಲ್ಲಿ 1,712 ಮೀಟರ್. ಹತ್ತುವಾಗ ಜಾಸ್ತಿ ಸಲ ಮಾಡಿದಷ್ಟೂ ಒಳ್ಳೆಯದು.

ವಾಚಿನ ದಿಕ್ಸೂಚಿ ತಪ್ಪು ತೋರಿಸಿದರೆ ಬೈಕು, ಮೊಬೈಲಿನಿಂದ ದೂರ ನಿಂತು ಕೈಯನ್ನು ಗಾಳಿಯಲ್ಲಿ 8 ಬರೆದಂತೆ ಆಡಿಸಿ. ಇಂಗ್ಲಿಷಿನ 8, ನಮ್ಮ ೮ ಅಲ್ಲ.