ಬ್ಯಾನರ್ ನಾಲ್ವರದು, ಸಿನಿಮಾ ಯಾರದು?

ಓದುಗರ ಪ್ರಶ್ನೆಗಳು: ಸ್ವಂತ ದುಡ್ಡು ಹಾಕಿ ಸಿನಿಮಾ ಮಾಡಲು ಹೊರಟಿರುವ ಮಲೆನಾಡಿನ ಓದುಗರು ಬರೆದ ಪತ್ರಗಳಿಂದ ಆಯ್ದವು. ಉತ್ತರ ಒಬ್ಬ ಲೆಕ್ಕಪರಿಶೋಧಕರು ಮತ್ತು ಒಬ್ಬ ಪ್ರೊಡಕ್ಷನ್ ಮ್ಯಾನೇಜರ್ ಅವರದು.

ಪ್ರಶ್ನೆ: ನಾವು ನಾಲ್ವರು ಸ್ನೇಹಿತರು. ಅಡಿಕೆ ತೋಟ ಇರುವವನು 12 ಲಕ್ಷ ಹಾಕುತ್ತಾನೆ, ಇಬ್ಬರು ತಲಾ 4 ಲಕ್ಷ. ನಾಲ್ಕನೆಯವನು ಕಥೆ ಬರೆದು ನಿರ್ದೇಶಿಸುತ್ತಾನೆ, ಅವನ ಹತ್ತಿರ ದುಡ್ಡಿಲ್ಲ. ಪಾಲುದಾರಿಕೆ ಪತ್ರ ಬರೆದುಕೊಂಡರೆ ಸಾಕೇ, ಕಂಪನಿಯೇ ಬೇಕೇ? ಪಾಲು ಹೇಗೆ ಹಾಕುವುದು? (ಸಾಗರ)

ಉತ್ತರ: ಮೊದಲು ತೋಟದ ವಿಷಯ. 1932ರ ಕಾಯ್ದೆಯ ಸಾಮಾನ್ಯ ಪಾಲುದಾರಿಕೆಯಲ್ಲಿ ಸಂಸ್ಥೆಯ ಸಾಲಕ್ಕೆ ಪಾಲುದಾರರ ಸ್ವಂತ ಆಸ್ತಿಯೂ ಹೊಣೆ. ಕ್ಯಾಮೆರಾ ಬಾಡಿಗೆ ಬಾಕಿ ಉಳಿಯಿತು ಅಂದುಕೊಳ್ಳಿ, ಹಣ ಬರಬೇಕಾದವರು ನಾಲ್ವರಲ್ಲಿ ಯಾರನ್ನು ಬೇಕಾದರೂ ಹಿಡಿಯಬಹುದು, ಹಿಡಿಯುವುದು ಮಾತ್ರ ತೋಟ ಇದ್ದವನನ್ನೇ. ಪಾಲುದಾರಿಕೆಯನ್ನು ನೋಂದಾಯಿಸದಿದ್ದರೆ ಇನ್ನೂ ಒಂದು ಪೆಟ್ಟು. ಹಂಚಿಕೆದಾರ ಹಣ ಕೊಡದಿದ್ದಾಗ ಕರಾರಿನ ಆಧಾರದ ಮೇಲೆ ಸಂಸ್ಥೆ ದಾವೆ ಹೂಡುವಂತಿಲ್ಲ. ಅದೇ ಕಾಯ್ದೆಯ 69ನೇ ಕಲಂ ಅದಕ್ಕೆ ಅಡ್ಡ ಬರುತ್ತದೆ.

ನಿಮ್ಮ ಪ್ರಮಾಣಕ್ಕೆ 2008ರ ಕಾಯ್ದೆಯ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, ಹೊಂದುತ್ತದೆ. ಕನಿಷ್ಠ ಇಬ್ಬರು ಪಾಲುದಾರರು ಸಾಕು. ಸಂಸ್ಥೆ ಮುಳುಗಿದರೂ ತೋಟ ಉಳಿಯುತ್ತದೆ, ಬ್ಯಾಂಕಿಗೆ ಅಥವಾ ಫೈನಾನ್ಸಿನವರಿಗೆ ವೈಯಕ್ತಿಕ ಜಾಮೀನು ಬರೆದುಕೊಡದಿದ್ದರೆ ಮಾತ್ರ. ವಹಿವಾಟು 40 ಲಕ್ಷವನ್ನಾಗಲಿ ಬಂಡವಾಳ 25 ಲಕ್ಷವನ್ನಾಗಲಿ ದಾಟದಿರುವವರೆಗೆ ಕಡ್ಡಾಯ ಆಡಿಟ್ ಇಲ್ಲ. ನಿಮ್ಮ ಬಂಡವಾಳ 20 ಲಕ್ಷ. ಪ್ರೈವೇಟ್ ಲಿಮಿಟೆಡ್ ಕಂಪನಿಗಾದರೆ ಮೊದಲ ವರ್ಷದಿಂದಲೇ ಆಡಿಟರ್ ಬೇಕು, ಬೋರ್ಡ್ ಸಭೆ, ನಡಾವಳಿ ಪುಸ್ತಕ ಎಲ್ಲವೂ ಬೇಕು. ಹೊರಗಿನವರಿಗೆ ಷೇರು ಕೊಟ್ಟು ಹಣ ತರುವ ಯೋಚನೆ ಇದ್ದರೆ ಆ ಖರ್ಚಿಗೆ ಅರ್ಥವಿದೆ, ಇಲ್ಲದಿದ್ದರೆ ಇಲ್ಲ.

ಎಲ್‌ಎಲ್‌ಪಿ ಮಾಡಿದವರು ಎಡವುವ ಜಾಗವೂ ಒಂದಿದೆ. ನೋಂದಣಿಯಾದ 30 ದಿನಗಳೊಳಗೆ ಪಾಲುದಾರರ ಒಪ್ಪಂದವನ್ನು ಮೂರನೇ ನಮೂನೆಯಲ್ಲಿ ಸಲ್ಲಿಸಬೇಕು. ಒಪ್ಪಂದವೇ ಇಲ್ಲದಿದ್ದರೆ ಕಾಯ್ದೆಯ ಮೊದಲ ಅನುಸೂಚಿ ಲಾಗೂ ಆಗಿ ಬಂಡವಾಳ, ಲಾಭ, ನಷ್ಟ ಎಲ್ಲದರಲ್ಲೂ ಎಲ್ಲರಿಗೂ ಸಮಪಾಲು ಬರುತ್ತದೆ. ಅಂದರೆ 12 ಲಕ್ಷ ಹಾಕಿದವನಿಗೂ ಕಾಲು ಪಾಲು, 4 ಲಕ್ಷದವನಿಗೂ ಕಾಲು ಪಾಲು. ಇಂಟರ್‌ನೆಟ್ಟಿನಲ್ಲಿ ಸಿಗುವ ಸಿದ್ಧ ಒಪ್ಪಂದಕ್ಕೆ ಹೆಸರು ತುಂಬಿಸಿ ಸಹಿ ಮಾಡುವುದೂ ಇದಕ್ಕಿಂತ ಬಹಳ ಭಿನ್ನವಲ್ಲ. ಅದು ಅಂಗಡಿ ನಡೆಸುವವರಿಗೆ ಬರೆದದ್ದು, ಅದರಲ್ಲಿ ನಿರ್ದೇಶಕನೆಂಬ ಪ್ರಾಣಿಯೇ ಇರುವುದಿಲ್ಲ.

ಪಾಲನ್ನು 60-20-20 ಎಂದು ದುಡ್ಡಿನ ಲೆಕ್ಕದಲ್ಲಿ ಹಾಕಿದರೆ ನಿರ್ದೇಶಕ ಕೂಲಿಯವನಾಗುತ್ತಾನೆ. ಸಮಪಾಲು ಹಾಕಿದರೆ ತೋಟದವನಿಗೆ ಅನ್ಯಾಯ. ನಾವು ಸಲಹೆ ಕೊಡುವುದು ಹೀಗೆ: ಬಂದ ಹಣದಲ್ಲಿ ಮೊದಲು ಹಾಕಿದ ಬಂಡವಾಳ ವಾಪಸಾಗಬೇಕು, ಆಮೇಲೆ ಉಳಿದದ್ದರಲ್ಲಿ ಅರ್ಧ ದುಡ್ಡಿಗೆ, ಅರ್ಧ ದುಡಿಮೆಗೆ. ಸಂಸ್ಥೆಗೆ 26 ಲಕ್ಷ ಬಂತು ಎನ್ನಿ. 20 ಲಕ್ಷ ಹಾಕಿದವರಿಗೆ ಹೋಯಿತು, ಉಳಿದದ್ದು 6 ಲಕ್ಷ. ಅದರಲ್ಲಿ 3 ಲಕ್ಷ ದುಡ್ಡಿನ ಪಾಲು: 1.80, 0.60, 0.60. ಇನ್ನು 3 ಲಕ್ಷ ಕೆಲಸದ ಪಾಲು. ನಿರ್ದೇಶನಕ್ಕೆ ಎಷ್ಟು, ಕಥೆಗೆ ಎಷ್ಟು, ಸೆಟ್ಟಿನಲ್ಲಿ ನಿಂತು ಪ್ರೊಡಕ್ಷನ್ ನೋಡಿಕೊಂಡವನಿಗೆ ಎಷ್ಟು ಎಂಬುದನ್ನು ಮುಹೂರ್ತಕ್ಕೆ ಮುಂಚೆಯೇ ಬರೆದಿಡಿ. ನಷ್ಟವಾದರೆ ಯಾರಿಗೆ ಎಷ್ಟು ಎಂಬುದೂ ಅದೇ ಹಾಳೆಯಲ್ಲಿರಲಿ.

ಲಾಭದ ಪಾಲೇ ಬೇರೆ, ತೀರ್ಮಾನ ಮಾಡುವ ಅಧಿಕಾರವೇ ಬೇರೆ. ಚಿತ್ರಕಥೆ, ಎಡಿಟಿಂಗ್ ವಿಷಯದಲ್ಲಿ ನಿರ್ದೇಶಕನ ಮಾತು ಕೊನೆಯದು. ಬಜೆಟ್ ಶೇ. 10ಕ್ಕಿಂತ ಹೆಚ್ಚು ಮೀರುವುದು, ಸಾಲ ಎತ್ತುವುದು, ಹಕ್ಕು ಮಾರುವುದು, ಈ ಮೂರಕ್ಕೆ ದುಡ್ಡು ಹಾಕಿದವರೆಲ್ಲರ ಸಹಿ ಬೇಕು. ಒಬ್ಬ ನಡುವೆ ಬಿಟ್ಟುಹೋದರೆ ಅಥವಾ ತೀರಿಕೊಂಡರೆ ಅವನ ಪಾಲು ಏನಾಗುತ್ತದೆ ಎಂದೂ ಬರೆಯಿರಿ. ಬ್ಯಾಂಕ್ ಖಾತೆ ಎಲ್‌ಎಲ್‌ಪಿ ಹೆಸರಲ್ಲಿ, ಸಹಿ ಜಂಟಿ. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಬ್ಯಾನರ್ (ನಿರ್ಮಾಣ ಸಂಸ್ಥೆಯ ಹೆಸರು) ಮತ್ತು ಶೀರ್ಷಿಕೆ ನೋಂದಣಿ, ಸೆನ್ಸಾರ್ ಅರ್ಜಿಯಲ್ಲಿ ನಿರ್ಮಾಪಕರ ಹೆಸರು, ಇವೂ ಸಂಸ್ಥೆಯದ್ದೇ ಆಗಿರಲಿ. ಬೆಂಗಳೂರಿಗೆ ಓಡಾಡುವವನ ಹೆಸರಲ್ಲಿ ‘ಸದ್ಯಕ್ಕೆ’ ಮಾಡಿಸಿದ ನೋಂದಣಿ ಜಗಳ ಬಂದ ದಿನ ಅವನ ಕೈಯ ಕೋಲಾಗುತ್ತದೆ.

ಪ್ರಶ್ನೆ: ಊರಿನ ಸುಮಾರು 40 ಜನ ತಲಾ 25,000 ಕೊಡಲು ಸಿದ್ಧರಿದ್ದಾರೆ. ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಇನ್ನೂ ಬರಬಹುದು. ತೆಗೆದುಕೊಳ್ಳಬಹುದೇ? (ತೀರ್ಥಹಳ್ಳಿ)

ಉತ್ತರ: ಯಾವ ರೂಪದಲ್ಲಿ ಎಂಬುದರ ಮೇಲಿದೆ. ‘ದುಡ್ಡು ಹಾಕಿ, ವರ್ಷದೊಳಗೆ ಒಂದೂವರೆ ಪಟ್ಟು ಕೊಡುತ್ತೇವೆ’ ಎಂದು ಗುಂಪಿನಲ್ಲಿ ಹಾಕಿದರೆ ಅದು ಠೇವಣಿ ಸಂಗ್ರಹವಾಗುತ್ತದೆ. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯಲ್ಲಿ ಇದಕ್ಕೆ ಜೈಲೂ ಇದೆ. ಷೇರಿನ ರೂಪದಲ್ಲಿ ತರುವುದಾದರೆ ಪ್ರೈವೇಟ್ ಕಂಪನಿ ಬೇಕು. ಒಂದು ಹಣಕಾಸು ವರ್ಷದಲ್ಲಿ ಹೆಚ್ಚೆಂದರೆ 200 ಜನರಿಗೆ, ಹೆಸರು ಗುರುತಿಸಿ ಪತ್ರ ಕೊಟ್ಟು ಕರೆಯಬಹುದೇ ಹೊರತು ಜಾಹೀರಾತು ಕೊಡುವಂತಿಲ್ಲ. ಹಣ ಬ್ಯಾಂಕ್ ಮೂಲಕವೇ, ಅದಕ್ಕೆಂದೇ ಇಟ್ಟ ಪ್ರತ್ಯೇಕ ಖಾತೆಗೆ ಬರಬೇಕು. 60 ದಿನಗಳೊಳಗೆ ಷೇರು ಹಂಚಬೇಕು. ಎಲ್‌ಎಲ್‌ಪಿಯಲ್ಲಿ 40 ಜನರನ್ನೂ ಪಾಲುದಾರರನ್ನಾಗಿ ಮಾಡಲು ಕಾನೂನಿನ ತಡೆಯಿಲ್ಲ, ಆದರೆ ಒಬ್ಬೊಬ್ಬರು ಸೇರಿದಾಗ, ಬಿಟ್ಟಾಗ ಹೊಸ ನಮೂನೆ ಸಲ್ಲಿಸುತ್ತಾ ಕೂರಬೇಕು.

ಲಾಭದ ಆಸೆ ತೋರಿಸದೆ ಮುಂಗಡ ಟಿಕೆಟ್, ತೆರೆಯ ಮೇಲೆ ಕೃತಜ್ಞತೆಯ ಸಾಲು, ಮೊದಲ ಪ್ರದರ್ಶನಕ್ಕೆ ಆಹ್ವಾನ ಎಂದು ಪಡೆಯುವುದು ಸರಳ ದಾರಿ. 2013ರಲ್ಲಿ ತೆರೆಕಂಡ ‘ಲೂಸಿಯಾ’ ಜನರಿಂದ ಹಣ ಒಟ್ಟುಮಾಡಿಯೇ ಆದ ಕನ್ನಡ ಚಿತ್ರ, ನಿಜ. ಅದನ್ನು ತೋರಿಸಿ ನಮ್ಮದೂ ಹಾಗೇ ಆಗುತ್ತದೆ ಎಂದು ಊರವರಿಗೆ ಹೇಳಬೇಡಿ. ‘ಸಹ ನಿರ್ಮಾಪಕ’ ಎಂದು ಹೆಸರು ಹಾಕುವಾಗಲೂ ಎಚ್ಚರ: ತೆರೆಯ ಮೇಲಿನ ಹೆಸರಿನಿಂದ ಪಾಲು ಹುಟ್ಟುವುದಿಲ್ಲ, ಆದರೆ ಕೊಟ್ಟವರು ಹಾಗೆಂದೇ ತಿಳಿದಿರುತ್ತಾರೆ. ಒಂದು ಪುಟದ ಪತ್ರದಲ್ಲಿ ಸ್ಪಷ್ಟಪಡಿಸಿ.

ಇನ್ನು ನಗದು. 20,000 ಮತ್ತು ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವಂತಿಲ್ಲ. ಒಬ್ಬರಿಗೆ ಒಂದೇ ದಿನ 10,000 ಮೀರಿ ನಗದು ಕೊಟ್ಟ ಖರ್ಚನ್ನು ಆದಾಯ ತೆರಿಗೆಯವರು ಒಪ್ಪುವುದಿಲ್ಲ. ಅಡಿಕೆ ಮಂಡಿಯಿಂದ ಹಣ ಬಂದಮೇಲೆ ಕೊಡುತ್ತೇವೆ ಎನ್ನುವ ಬೆಳೆಗಾರರ ಮಾತನ್ನು ನಂಬಿ ನವೆಂಬರಿನಲ್ಲೇ ಶೂಟಿಂಗ್ ಇಟ್ಟುಕೊಳ್ಳಬೇಡಿ. ಆಗ ಕೊಯ್ಲು, ಸುಲಿತ ನಡೆದಿರುತ್ತದೆ, ಅಡಿಕೆ ಮಾರಿ ದುಡ್ಡು ಕೈಗೆ ಬರುವುದು ತಿಂಗಳುಗಳ ನಂತರ. ಲೊಕೇಷನ್ ಎಂದು ಕೇಳಿದ ಮನೆಯ ಅಂಗಳದಲ್ಲೂ ಆಗ ಅಡಿಕೆಯೇ ಹರಡಿರುತ್ತದೆ.

ಪ್ರಶ್ನೆ: ತೀರಿಕೊಂಡ ಲೇಖಕರೊಬ್ಬರ ಕಥೆಗೆ ಅವರ ಮಗಳು ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಸಾಕಲ್ಲವೇ? (ಹೊಸನಗರ)

ಉತ್ತರ: ಸಾಲದು. ಕೃತಿಸ್ವಾಮ್ಯದ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಆಗದಿದ್ದರೆ ಊರ್ಜಿತವಲ್ಲ. ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ. ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ ಅದು ಬಿದ್ದುಹೋಗುತ್ತದೆ. ಬೇರೆ ಗಡುವು ಬೇಕಾದರೆ ಪತ್ರದಲ್ಲೇ ಬರೆಸಿ. ಸಣ್ಣ ಬಜೆಟ್ಟಿನ ಚಿತ್ರ ವರ್ಷದೊಳಗೆ ಮುಗಿಯುವುದು ಅಪರೂಪ. ಮಗಳಿಗೆ ಅಣ್ಣತಮ್ಮಂದಿರಿದ್ದರೆ ಅವರ ಸಹಿಯೂ ಬೇಕು.

ಲೇಖಕರ ಮರಣದ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ವಾರಸುದಾರರದ್ದು. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ ಅವರ ಕೃತಿಗಳಿಗೆ 2054ರ ಕೊನೆಯವರೆಗೂ ಅನುಮತಿ ಬೇಕು. ಸೋಬಾನೆ ಪದ, ಅಂಟಿಗೆ ಪಂಟಿಗೆ ಹಾಡುಗಳಂಥ ಪರಂಪರೆಯ ಸಾಹಿತ್ಯಕ್ಕೆ ಆ ಕಾಟವಿಲ್ಲ, ಆದರೆ ಯಾರೋ ಧ್ವನಿಮುದ್ರಿಸಿದ ಹಾಡನ್ನೇ ಎತ್ತಿ ಹಾಕುವಂತಿಲ್ಲ.

ಸಿನಿಮಾದ ಕರ್ತೃ ಎಂದು ಕಾಯ್ದೆ ಗುರುತಿಸುವುದು ನಿರ್ದೇಶಕನನ್ನಲ್ಲ, ನಿರ್ಮಾಪಕನನ್ನು. ಆದರೆ ಕಥೆ, ಚಿತ್ರಕಥೆ, ಸಂಗೀತದವರ ಸಹಿ ಸಂಸ್ಥೆಗೆ ಬಂದಿರಲೇಬೇಕು. ಓಟಿಟಿಯವರು ಮೊದಲು ಕೇಳುವುದು ಈ ಕಾಗದಗಳ ಸರಪಳಿಯನ್ನು. ಒಂದು ಕೊಂಡಿ ಇಲ್ಲದಿದ್ದರೂ ಮಾತುಕತೆ ನಿಲ್ಲುತ್ತದೆ, ಆಗ ಸಹಿ ಹಾಕಬೇಕಾದವರಿಗೆ ತಮ್ಮ ಸಹಿಯ ಬೆಲೆ ಗೊತ್ತಾಗಿರುತ್ತದೆ.

ಪ್ರಶ್ನೆ: ಡ್ರೋನ್, ಕಾಡು, ಮಕ್ಕಳು, ಮೂರೂ ನಮ್ಮ ಚಿತ್ರದಲ್ಲಿವೆ. ಯಾರ ಅನುಮತಿ? (ಶಿವಮೊಗ್ಗ)

ಉತ್ತರ: ಸೋಗಾನೆ ವಿಮಾನ ನಿಲ್ದಾಣ 2023ರಲ್ಲಿ ಶುರುವಾದಂದಿನಿಂದ ಡ್ರೋನ್ ವಿಷಯ ಬಿಗಿಯಾಗಿದೆ. ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ಎಷ್ಟೇ ಕೆಳಗೆ ಹಾರಿಸಿದರೂ ಅನುಮತಿ ಬೇಕು. 8ರಿಂದ 12 ಕಿ.ಮೀ. ನಡುವೆ 200 ಅಡಿಯವರೆಗೆ ಬೇಡ. ಅದರಾಚೆ, ಬೇರೆ ನಿರ್ಬಂಧವಿಲ್ಲದ ಕಡೆ, 400 ಅಡಿಯವರೆಗೆ. ಡ್ರೋನ್‌ಗಾಗಿ ಕೇಂದ್ರ ಸರ್ಕಾರ ಮಾಡಿದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಲೊಕೇಷನ್ ನೋಡಿಕೊಳ್ಳಿ. ಅಭಯಾರಣ್ಯದೊಳಗಿನ ಚಿತ್ರೀಕರಣಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು, ರೇಂಜರ್ ಪರಿಚಯದ ಮೇಲೆ ನಡೆಯುವುದಿಲ್ಲ. ಕಥೆಯಲ್ಲಿ ನಾಯಿಯೊಂದು ಪಾತ್ರವಾಗಿದ್ದರೂ ಪ್ರಾಣಿ ಕಲ್ಯಾಣ ಮಂಡಳಿಗೆ ಶೂಟಿಂಗ್‌ಗೆ ಮುಂಚೆಯೇ ಅರ್ಜಿ ಹಾಕಿ, ಸೆನ್ಸಾರ್ ಹೊತ್ತಿಗೆ ಆ ಪತ್ರ ಕೇಳುತ್ತಾರೆ. ಮಕ್ಕಳಿಗೆ ಜಿಲ್ಲಾಧಿಕಾರಿಗಳ ಅನುಮತಿ. ದಿನಕ್ಕೆ 5 ಗಂಟೆ ಮೀರಬಾರದು, 3 ಗಂಟೆಗೊಮ್ಮೆ ಬಿಡುವು ಕೊಡಬೇಕು, ಸಂಭಾವನೆಯ ಕನಿಷ್ಠ ಶೇ. 20 ಮಗುವಿನ ಹೆಸರಿನ ಠೇವಣಿಗೆ ಹೋಗಬೇಕು.

ಪ್ರಶ್ನೆ: ಚಿತ್ರಮಂದಿರದಲ್ಲಿ 10 ಲಕ್ಷ ಆಯಿತು ಎನ್ನುತ್ತಾರೆ. ನಮ್ಮ ಕೈಗೆ ಎಷ್ಟು ಬರಬೇಕು? (ಕೊಪ್ಪ)

ಉತ್ತರ: ಅದು ಗ್ರಾಸ್, ಅಂದರೆ ತೆರಿಗೆಯೂ ಸೇರಿದ ಒಟ್ಟು ಗಳಿಕೆ. ಒಂದು ಟಿಕೆಟ್ಟಿನ ಲೆಕ್ಕ ನೋಡಿ. 236 ರೂಪಾಯಿ ಟಿಕೆಟ್‌ನಲ್ಲಿ 36 ಜಿಎಸ್‌ಟಿ, ನೆಟ್ 200. (100 ರೂಪಾಯಿವರೆಗಿನ ಟಿಕೆಟ್‌ಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 5.) ಮಲ್ಟಿಪ್ಲೆಕ್ಸ್‌ನಲ್ಲಿ ಮೊದಲ ವಾರ ಸಾಮಾನ್ಯವಾಗಿ ನೆಟ್‌ನ ಅರ್ಧ ನಿಮ್ಮ ಕಡೆಗೆ, ಆಮೇಲೆ ವಾರವಾರಕ್ಕೂ ಇಳಿಯುತ್ತದೆ. ಆ 100ರಲ್ಲಿ ಹಂಚಿಕೆದಾರರ ಕಮಿಷನ್ ಶೇ. 15 ಎಂದಿಟ್ಟುಕೊಂಡರೆ 15 ಹೋಗಿ 85 ಉಳಿಯಿತು. ಅದರಿಂದ ಡಿಜಿಟಲ್ ಪ್ರದರ್ಶನದ ಶುಲ್ಕ, ಪೋಸ್ಟರ್, ಪ್ರಚಾರಕ್ಕೆ ಅವರು ಮುಂಗಡ ಹಾಕಿದ ಹಣ ಕಳೆಯಿರಿ. ಸಣ್ಣ ಚಿತ್ರಗಳು ಇಲ್ಲೇ ಸೊನ್ನೆಗೆ ಬರುತ್ತವೆ. ಬಾಡಿಗೆ ಪದ್ಧತಿಯ ಒಂಟಿ ಪರದೆಯಲ್ಲಿ ಗಳಿಕೆ ವಾರದ ಬಾಡಿಗೆಗಿಂತ ಕಡಿಮೆಯಾದರೆ ಕೈಯಿಂದಲೇ ತುಂಬಿಕೊಡಬೇಕು. ಪ್ರಚಾರದ ಖರ್ಚಿಗೆ ಮಿತಿ, ದಿನದಿನದ ಗಳಿಕೆ ವರದಿ, ಬಿಲ್ಲು ತಪಾಸಣೆಯ ಹಕ್ಕು, ಈ ಮೂರು ಕರಾರಿನಲ್ಲಿಲ್ಲದಿದ್ದರೆ ಸಹಿ ಹಾಕಬೇಡಿ. ಸರ್ಕಾರದ ಸಹಾಯಧನವನ್ನು ಬಜೆಟ್ಟಿನ ಆದಾಯದ ಕಾಲಂನಲ್ಲಿ ಬರೆಯಲೇಬೇಡಿ. ಬಂದರೆ ಬಂತು, ಅದೂ ತಡವಾಗಿ.

ಪ್ರಶ್ನೆ: ಚಿತ್ರ ಬಿಡುಗಡೆಯಾಗಿ ಎರಡು ವರ್ಷವಾಯಿತು. ಎಲ್‌ಎಲ್‌ಪಿ ಮುಚ್ಚಬಹುದೇ? (ಶಿಕಾರಿಪುರ)

ಉತ್ತರ: ಚಿತ್ರದ ಹಕ್ಕು 60 ವರ್ಷದ ಆಸ್ತಿ. ಟಿವಿ, ಓಟಿಟಿ, ರೀಮೇಕ್‌ಗೆ ಯಾರಾದರೂ ಬಂದಾಗ ಸಹಿ ಹಾಕಲು ಸಂಸ್ಥೆಯೇ ಇಲ್ಲದಂತೆ ಮಾಡಿಕೊಳ್ಳಬೇಡಿ. ವ್ಯವಹಾರ ಇಲ್ಲದ ವರ್ಷವೂ ಮೇ 30ರೊಳಗೆ ಹನ್ನೊಂದನೇ ನಮೂನೆ, ಅಕ್ಟೋಬರ್ 30ರೊಳಗೆ ಎಂಟನೇ ನಮೂನೆ ಸಲ್ಲಿಸಬೇಕು. ತಡವಾದಷ್ಟೂ ಶುಲ್ಕ ಬೆಳೆಯುತ್ತದೆ. ಆ ಖರ್ಚು ಬೇಡವೆಂದರೆ ಮೊದಲು ಹಕ್ಕನ್ನು ಪಾಲುದಾರರಲ್ಲಿ ಒಬ್ಬರಿಗೆ ಲಿಖಿತವಾಗಿ ವರ್ಗಾಯಿಸಿ, ಮುಂದಿನ ಆದಾಯ ಹಂಚುವ ಕ್ರಮವನ್ನು ಅದರಲ್ಲೇ ಬರೆದು, ಮೂಲ ಹಾರ್ಡ್‌ಡಿಸ್ಕಿನ ಎರಡು ಪ್ರತಿ ಇಬ್ಬರ ಮನೆಯಲ್ಲಿಟ್ಟು, ಆಮೇಲೆ ಮುಚ್ಚಲು ಅರ್ಜಿ ಹಾಕಿ. ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನಮ್ಮ ಮಳೆಗಾಲದ ತೇವಕ್ಕೆ ಅಟ್ಟದ ಮೇಲಿನ ಪೆಟ್ಟಿಗೆ ಸಾಲದು.